ಕಂಡಕ್ಟರಮ್ಮ ಸೀಟಿ ಊದಲಿಲ್ಲ

ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಮನುಷ್ಯನಿಗೆ ತಾನೇ ಮಹಾರಾಜ ಅನ್ನಿಸುವುದು ಸಹಜ. ನನಗೂ ಹಾಗೇ ಅನ್ನಿಸಿತ್ತು. ಸಂವಿಧಾನ ಅಂದರೆ ದಿಲ್ಲಿಯವರಿಗೆ, ಕೋರ್ಟಿನವರಿಗೆ, ಹೆಚ್ಚೆಂದರೆ ತಾಲ್ಲೂಕಾಫೀಸಿನವರಿಗೆ ಸೇರಿದ್ದು. ತಳಕು ಎಂಬ ಊರಿನ ರಸ್ತೆ ಬದಿಯ ನನ್ನ ದೋಸೆ ಹೋಟೆಲಿಗೆ ಅದೇನು ಸಂಬಂಧ? ಕಾವಲಿ ನನ್ನದು, ಹಿಟ್ಟು ನನ್ನದು, ಕಾನೂನೂ ನನ್ನದೇ. ಆ ಸಿಂಹಾಸನದಿಂದ ನನ್ನನ್ನು ಇಳಿಸಿದ್ದು ಒಂದು ಸೀಟಿ. ಅದಕ್ಕೆ ನಾನು ಋಣಿ.

ನನ್ನ ಕಾನೂನಿನಲ್ಲಿ ಮುಖ್ಯವಾದದ್ದು ಫ್ಯಾಮಿಲಿ ರೂಮು. ಮುಂದಿನ ಮೇಜುಗಳೆಲ್ಲ ಗಂಡಸರಿಗೆ. ಹೆಂಗಸರಿಗೆ ಒಳಗಡೆ, ಒಲೆಯ ಪಕ್ಕ, ಪ್ಲೈವುಡ್ ಅಡ್ಡ ನಿಲ್ಲಿಸಿ ಪರದೆ ಬಿಟ್ಟ ಜಾಗ. ಒಂದು ಮೇಜು, ನಾಲ್ಕು ಕುರ್ಚಿ, ಫ್ಯಾನ್ ಇಲ್ಲ. ಯಾರಾದರೂ ಹೊಗೆಗೆ ಕೆಮ್ಮಿದರೆ "ಸ್ವಲ್ಪ ಅಡ್ಜಸ್ಟ್ ಮಾಡ್ಕಳ್ರಮ್ಮ" ಅನ್ನುತ್ತಿದ್ದೆ. ಹೆಣ್ಣುಮಕ್ಕಳಿಗೆ ಇಷ್ಟು ಮರ್ಯಾದೆ ಕೊಡುವ ಹೋಟೆಲು ಚಳ್ಳಕೆರೆಯಿಂದ ಮೊಳಕಾಲ್ಮುರಿನವರೆಗೆ ಇನ್ನೊಂದಿಲ್ಲ ಎಂದು ಬೀಗುತ್ತಿದ್ದೆ. ನನ್ನ ಹೆಂಡತಿ ಸರೋಜ ಆ ಒಲೆಯ ಪಕ್ಕದಲ್ಲೇ ದಿನವೂ ಶೇಂಗಾ ಚಟ್ನಿ ರುಬ್ಬುತ್ತಿದ್ದಳು. ಅವಳೇನೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಒಂದು ಬೆಳಿಗ್ಗೆ ಮೊಳಕಾಲ್ಮುರು ಬಸ್ಸು ತಿಂಡಿಗೆ ನಿಂತಿತು. ಡ್ರೈವರು ಎಂದಿನಂತೆ ಫ್ಯಾನಿನ ಕೆಳಗೆ ಕೂತ. ಹಿಂದೆಯೇ ಬಂದ ಹೊಸ ಕಂಡಕ್ಟರು ಹೆಣ್ಣುಮಗಳು. ಎದುರಿನ ಕುರ್ಚಿ ಎಳೆದರು.

"ಅಮ್ಮಾ, ಹೆಂಗಸ್ರಿಗೆ ಒಳಗೈತೆ" ಎಂದೆ. ಆಕೆ ಹೋಗಿ ಪರದೆ ಸರಿಸಿದರು. ಮದುವೆಗೆ ಹೊರಟ ಒಂದು ಸಂಸಾರ ಅಲ್ಲಿ ಇಡ್ಲಿ ತಿನ್ನುತ್ತಿತ್ತು. "ಅಲ್ಲಿ ಬ್ಯಾಡಮ್ಮ, ಅದು ಫ್ಯಾಮಿಲಿಯವರಿಗೆ. ನೀವು ಒಬ್ರೇ ಇದೀರಲ್ಲ" ಎಂದೆ.

"ಮುಂದೆ ಕೂರಂಗಿಲ್ಲ, ಯಾಕಂದ್ರೆ ಹೆಂಗಸು. ಹಿಂದೆ ಕೂರಂಗಿಲ್ಲ, ಯಾಕಂದ್ರೆ ಒಬ್ಳೇ. ಮತ್ತೆ ಎಲ್ಲಿ ತಿನ್ಲಿ, ಯಜಮಾನ್ರೇ?"

ಇದು ನನಗೆ ಹೊಳೆದಿರಲೇ ಇಲ್ಲ. ಡ್ರೈವರನ್ನೂ ಕರೆದುಕೊಂಡು ಒಳಗೆ ಕೂತರೆ ಫ್ಯಾಮಿಲಿ ಆಗುತ್ತದಲ್ಲ ಎಂದು ಸಲಹೆ ಕೊಟ್ಟೆ. ಡ್ರೈವರಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು.

ಕಂಡಕ್ಟರಮ್ಮ ಕೂಗಾಡಲಿಲ್ಲ. "ನಂಗೆ ಹಸಿವಾಗೈತೆ. ತಿಂಡಿ ತಿನ್ನದೆ ಸೀಟಿ ಊದಲ್ಲ" ಎಂದು ಬಾಗಿಲಲ್ಲೇ ನಿಂತರು. ಸೀಟಿ ಇಲ್ಲದೆ ಬಸ್ಸು ಹೊರಡುವಂತಿಲ್ಲ. ಪ್ರಯಾಣಿಕರು ಒಬ್ಬೊಬ್ಬರೇ ಇಳಿದು ಬಂದು ವಿಷಯ ಕೇಳಿದರು, ಕೇಳಿದವರೆಲ್ಲ ನನ್ನ ಮುಖ ನೋಡಿದರು. "ನಾನು ಆಸ್ಪತ್ರೆಗೆ ಹೋಗ್ಬೇಕು ಕಣಪ್ಪ, ಆಯಮ್ಮಂಗೊಂದು ದೋಸೆ ಕೊಟ್ರೆ ನಿನ್ನ ಗಂಟೇನು ಹೋಗ್ತೈತೆ?" ಎಂದು ಅಜ್ಜಿಯೊಬ್ಬಳು ಗದರಿದಳು. ನನಗೂ ರೇಗಿತು. "ಹೋಟ್ಲು ನಂದು, ನನ್ನಿಷ್ಟ" ಎಂದುಬಿಟ್ಟೆ.

ಆಗ ದಿನಾ ಬರುವ ಮೆಕ್ಯಾನಿಕ್ ಬಾಷಾ ತಟ್ಟೆ ಎತ್ತಿಕೊಂಡು ಎದ್ದು ನಿಂತರು. "ಹೋಟ್ಲು ನಿಮ್ದೇ ಅಣ್ಣ, ಯಾರು ಇಲ್ಲ ಅಂದ್ರು? ಆದ್ರೆ ಬೋರ್ಡ್ ಹಾಕಿ ಬಾಗ್ಲು ತೆಗೆದ ಮ್ಯಾಲೆ, ಜಾತಿ, ಧರ್ಮ, ಗಂಡು, ಹೆಣ್ಣು ಅಂತ ಯಾರನ್ನೂ ಆಚೆಗೆ ನಿಲ್ಸಂಗಿಲ್ಲ. ಸಂವಿಧಾನದಾಗೆ ಐತೆ. ನನ್ನ ಮಗಳು ಪರೀಕ್ಷೆಗೆ ಕೂಗಿ ಕೂಗಿ ಓದಿ ನಂಗೂ ಬಾಯಿಪಾಠ ಆಗೈತೆ. ಬನ್ನಿ ಮೇಡಂ, ಇಲ್ಲಿ ಕೂತ್ಕಳ್ರಿ."

ಆಚೆಗೆ ನಿಲ್ಲಿಸುವುದು ಎಂಬ ಮಾತು ನಾಟಿತು. ನನ್ನಪ್ಪ ಹೋಟೆಲುಗಳ ಆಚೆ ನಿಂತು, ಬೇರೆಯೇ ಇಟ್ಟ ಲೋಟದಲ್ಲಿ ಟೀ ಕುಡಿದವನು. ಅವನ ಮಗ ಇವತ್ತು ಊರಿಗೆಲ್ಲ ದೋಸೆ ಹುಯ್ಯುತ್ತಿರುವುದು ಅದೇ ಸಂವಿಧಾನದ ಪುಣ್ಯ. ಎದ್ದು ಹೋಗಿ, ಮೇಜು ಒರೆಸಿ, ನಾನೇ ದೋಸೆ ತಂದಿಟ್ಟೆ. ಎರಡು ತಿಂದು ಆಕೆ ಸೀಟಿ ಊದಿದಾಗ ನನಗೆ ಹೋದ ಜೀವ ಬಂದಂತಾಯಿತು.

ಬಸ್ಸು ಹೋದ ಮೇಲೆ ತಿರುಗಿ ನೋಡಿದರೆ ಫ್ಯಾನಿನ ಕೆಳಗೆ ಸರೋಜ! ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಒಂದು ದೋಸೆ ರೀ, ಬಿಸೀದು" ಎಂದಳು. ಇಷ್ಟು ವರ್ಷದಲ್ಲಿ ಅವಳು ನಮ್ಮದೇ ಹೋಟೆಲಿನ ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡಿರಲಿಲ್ಲ. ತಿಂದು, "ನನ್ನ ಚಟ್ನಿ ಚೆನ್ನಾಗೈತೆ ಕಣ್ರೀ" ಎಂದು ಆಶ್ಚರ್ಯಪಟ್ಟಳು.

ಈಗ ಟೀಚರುಗಳು, ಸಂತೆಗೆ ಬರುವ ಹೆಂಗಸರು, ಎಲ್ಲರೂ ಮುಂದೆಯೇ ಕೂರುತ್ತಾರೆ. ವ್ಯಾಪಾರ ಜೋರಾಗಿದೆ. ಕಂಡಕ್ಟರಮ್ಮನಿಗೆ, ಬಾಷಾಗೆ, ಪರೀಕ್ಷೆಗೆ ಕೂಗಿ ಓದಿದ ಆ ಹುಡುಗಿಗೆ ದಿನವೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ತೊಂದರೆ ಏನೆಂದರೆ, ಮುಂದೆ ನನಗೆ ಜಾಗವೇ ಸಿಗುವುದಿಲ್ಲ. ನನ್ನ ತಿಂಡಿ ಪರದೆಯ ಹಿಂದೆ, ಒಲೆಯ ಪಕ್ಕ, ಒಬ್ಬನೇ. ನಿನ್ನೆ ಕೆಮ್ಮು ತಡೆಯಲಾರದೆ, "ಸರೋಜಾ, ಏನೇ ಇದು ಹೊಗೆ!" ಎಂದು ಕೂಗಿದೆ. ಗಲ್ಲಾದಲ್ಲಿ ಕೂತಿದ್ದವಳು ತಿರುಗಿಯೂ ನೋಡದೆ ಹೇಳಿದಳು: "ಸ್ವಲ್ಪ ಅಡ್ಜಸ್ಟ್ ಮಾಡ್ಕಳ್ರಿ."