ಭೇದಿ ನಿಂತಿತು, ರೈಲು ನಿಲ್ಲಲಿಲ್ಲ

ಕಾಯಿಲೆಗಳಲ್ಲೂ ಮರ್ಯಾದಸ್ತವು, ಮರ್ಯಾದೆಗೆಟ್ಟವು ಎಂಬ ಎರಡು ಪಂಗಡಗಳಿವೆ. ರಕ್ತದೊತ್ತಡ ಬಂದವನು ಪಿತ್ರಾರ್ಜಿತ ಆಸ್ತಿ ಕೈಗೆ ಬಂದಂತೆ ಹೇಳಿಕೊಂಡು ತಿರುಗುತ್ತಾನೆ. ಭೇದಿ ಹಿಡಿದವನು ಮಾತ್ರ ಬಾಯಿ ಬಿಡಲಾರ. ಔಷಧಿ ಕೇಳುವಾಗಲೂ 'ಸ್ವಲ್ಪ ಮೈ ಸರಿಯಿಲ್ಲ' ಎಂದು ಡಾಕ್ಟರ ಹಿಂದಿನ ಕ್ಯಾಲೆಂಡರಿಗೆ ಹೇಳುತ್ತಾನೆ. ಈ ಸಂಕೋಚದಲ್ಲಿ ನಾನು ಬಹಳ ಪ್ರವೀಣ. ಅದರಿಂದ ಒಮ್ಮೆ ಕಳೆದುಕೊಂಡದ್ದನ್ನು ಇಂದಿಗೂ ಮರೆತಿಲ್ಲ.

ಆಗ ನಾನು ಅರಕಲಗೂಡಿನಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ತಂಗಿ ಸಾವಿತ್ರಿಯನ್ನು ಹಾಸನಕ್ಕೆ ಕೊಟ್ಟಿದ್ದೆವು. ಅಮ್ಮ ತೀರಿಕೊಂಡ ಮೇಲೆ ಅವಳ ತಲೆ ಬಾಚಿ, ಜಡೆ ಹೆಣೆದು ಶಾಲೆಗೆ ಕಳಿಸಿದವನು ನಾನೇ. ಆ ಜಡೆಗಳು ಒಂದು ಪೂರ್ವಕ್ಕೂ ಇನ್ನೊಂದು ಪಶ್ಚಿಮಕ್ಕೂ ಹೋಗುತ್ತಿದ್ದವು ಎನ್ನುವುದು ಬೇರೆ ಮಾತು. ಅವಳ ಗಂಡನಿಗೆ ಜಬಲ್ಪುರಕ್ಕೆ ವರ್ಗವಾಯಿತು. ಅಂದಿನ ನಮಗೆ ಜಬಲ್ಪುರವೆಂದರೆ ಭೂಪಟದ ಮೇಲೆ ಬೆತ್ತವಿಟ್ಟು ತೋರಿಸುವ ಜಾಗವೇ ಹೊರತು ಹೋಗಿಬರುವ ಊರಲ್ಲ. 'ರೈಲು ಹತ್ಸೋಕೆ ಅಣ್ಣ ಬರ್ಲೇಬೇಕು' ಎಂದು ಅವಳು ಹೇಳಿಕಳಿಸಿದ್ದಳು.

ಹೊರಡುವ ಹಿಂದಿನ ದಿನ ಪಕ್ಕದ ಮನೆಯ ಹಲಸಿನ ಹಣ್ಣು ನನ್ನ ಹೊಟ್ಟೆ ಕೆಡಿಸಿತು. ಊರಲ್ಲಿದ್ದವರು ಇಬ್ಬರು ಡಾಕ್ಟರು. ಒಬ್ಬರು ಕೋಟೆಯವರು, ಒಬ್ಬರು ಪೇಟೆಯವರು. ಯಾವುದೋ ಇಸ್ಪೀಟಾಟದಿಂದ ಇಬ್ಬರಿಗೂ ಮಾತು ನಿಂತಿತ್ತು. ನನ್ನ ಕೆಮ್ಮಿಗೆ ಆಗಲೇ ಪೇಟೆ ಡಾಕ್ಟರ ಸಿರಪ್ಪು ನಡೆದಿತ್ತು. ಅವರು ಪರಸ್ಥಳಕ್ಕೆ ಹೋಗಿದ್ದರಿಂದ, ಖಾಲಿ ಬಾಟಲಿ ಹಿಡಿದು ಕೋಟೆ ಡಾಕ್ಟರ ಮುಂದೆ ಕುಳಿತೆ.

'ಜ್ವರ ಇದೆಯಾ ಮೇಷ್ಟ್ರೇ? ರಕ್ತ ಏನಾದ್ರೂ ಹೋಯ್ತಾ?' ಎಂದು ಅವರು ಕೇಳಿದರು.

ಎರಡೂ ಇರಲಿಲ್ಲ, ಇಲ್ಲವೆಂದೆ.

'ಬೇರೆ ಯಾವ್ದಾದ್ರೂ ಔಷ್ದಿ ತಗೋತಿದ್ದೀರಾ?'

ಪೇಟೆಯ ಹೆಸರೆತ್ತಿದರೆ 'ಹಾಗಾದ್ರೆ ಅಲ್ಲಿಗೇ ಹೋಗಿ' ಎಂದಾರು ಎಂಬ ಭಯ. 'ಏನೂ ಇಲ್ಲ' ಎಂದುಬಿಟ್ಟೆ.

'ಯೋಚ್ನೆ ಮಾಡಿ ಹೇಳಿ. ಇದ್ರಲ್ಲಿ ಅಫೀಮು ಸೇರಿದೆ. ನಿದ್ದೆ ಬರ್ಸೋ ಕೆಮ್ಮಿನ ಔಷ್ದಿ ಏನಾದ್ರೂ ಜೊತೆಗೆ ಬಿದ್ರೆ ಮನುಷ್ಯ ಏಳೋದೇ ಕಷ್ಟ, ಉಸಿರಿಗೂ ಅಪಾಯ. ಒಂದ್ಸಲಕ್ಕೆ ಒಂದೇ ಗುರುತು. ನೀರು, ಗಂಜಿ ಚೆನ್ನಾಗಿ ಕುಡೀರಿ.'

ಸರಿಯಾಗಿ ಅದೇ ಹೊತ್ತಿಗೆ ಬಂದ ಕೆಮ್ಮನ್ನು ಕಣ್ಣಲ್ಲಿ ನೀರು ಬರುವ ಹಾಗೆ ನುಂಗಿಕೊಂಡು, ಒಂದೊಂದು ಸಲದ ಅಳತೆಗೆ ಕಾಗದದ ಗುರುತು ಅಂಟಿಸಿದ ಬಾಟಲಿಯೊಂದಿಗೆ ಮನೆಗೆ ಬಂದೆ.

ಮಾರನೆಯ ಬೆಳಿಗ್ಗೆ ಹೆಂಡತಿ ಸಾವಿತ್ರಿಗೆಂದು ಚಟ್ನಿಪುಡಿ, ಸಂಡಿಗೆ ಕಟ್ಟಿಕೊಟ್ಟಳು. ನಾನು ಒಂದು ಗುರುತು ಔಷಧಿ ಕುಡಿದೆ. ದಾರಿಯಲ್ಲಿ ಬಸ್ಸು ನಿಲ್ಲಿಸೆಂದು ಕೂಗುವ ಪ್ರಸಂಗವನ್ನು ಊಹಿಸಿಕೊಂಡು ಇನ್ನೊಂದು ಗುರುತು ಕುಡಿದೆ. ಕೆಮ್ಮಿನಿಂದ ಪಕ್ಕದವರಿಗೆ ತೊಂದರೆ ಬೇಡವೆಂದು ಸಿರಪ್ಪನ್ನೂ ಕುಡಿದೆ. ಹಾಸನದ ಬಸ್ಸು ಹತ್ತಿ, ಹಿಂದಿನ ಸೀಟಿನಲ್ಲಿ ಕುಳಿತು ಗಂಟನ್ನು ತೊಡೆಯ ಮೇಲಿಟ್ಟುಕೊಂಡದ್ದು ನೆನಪಿದೆ.

ಕಣ್ಣು ಬಿಟ್ಟಾಗ ಅರಕಲಗೂಡಿನ ಬಸ್ ಸ್ಟಾಂಡೇ ಕಾಣಿಸಿತು. ಸಿಟ್ಟು ಬಂತು. 'ಇನ್ನೂ ಹೊರಡ್ಲಿಲ್ವೇನಯ್ಯ?' ಎಂದು ಕಂಡಕ್ಟರನ್ನು ಗದರಿದೆ.

'ಓಗಿ ಬಂದಾಯ್ತಲ್ಲ ಸಾ!' ಎಂದ ಅವನು. 'ಆಸ್ನದ ಸ್ಟಾಂಡ್ನಾಗೆ ಎಬ್ಬುಸ್ದೆ ಕಣ್ ಸಾ. ಊಂ ಊಂ ಅಂದು ಗಂಟು ತಬ್ಕಂಡು ಮಲಿಕ್ಕಂಡ್ರಿ. ವಾಪಸ್ ಬರೋರೇನೋ, ಸುಸ್ತಾಗವ್ರೆ ಅಂತ ಸುಮ್ಕಾದೆ.'

ಸುದ್ದಿ ತಿಳಿದು ಕೋಟೆ ಡಾಕ್ಟರು ತಾವೇ ಮನೆಗೆ ಬಂದರು. ನಾಡಿ ಹಿಡಿದು, ಉಸಿರು ನೋಡಿ, ಎರಡೂ ಬಾಟಲಿಗಳನ್ನು ಮೂಸಿದರು. 'ಜಗಳ ನಮ್ಮಿಬ್ರದ್ದು. ಹೊಟ್ಟೆ ನಿಮ್ಮದಲ್ವೇನ್ರಿ? ಜೀವ ಉಳ್ಕೊಂಡಿದ್ದೇ ದೊಡ್ಡದು!' ಎಂದರು. ಭೇದಿಯೇನೋ ನಿಂತಿತ್ತು. ಅದೂ ಎಷ್ಟು ಭದ್ರವಾಗಿ ನಿಂತಿತೆಂದರೆ, ಮುಂದಿನ ಕೆಲವು ದಿನ ಅದರದೇ ಬೇರೆ ಚಿಂತೆಯಾಯಿತು.

ಆಮೇಲೆ ಸಾವಿತ್ರಿಯ ಮಾವನವರು ಸಿಕ್ಕಿ ಹೇಳಿದರು: ಗಾರ್ಡು ಸೀಟಿ ಊದುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳಂತೆ. ಅವರು ನನ್ನನ್ನು ಬೈಯಲು ಹೊರಟಾಗ, 'ಅಣ್ಣನ್ನ ಏನೂ ಅನ್ಬೇಡಿ. ನನ್ನ ಕಳಿಸೋಕೆ ಮನಸ್ಸು ತಡೀಲಿಲ್ಲ, ಎಲ್ಲರ ಮುಂದೆ ಅಳು ಬರುತ್ತೆ ಅಂತ ಬಂದಿಲ್ಲ' ಎಂದಳಂತೆ. ನಾನೋ, ಅವಳ ರೈಲಿನ ಕೂಗು ಕೇಳಿಸುವಷ್ಟು ಹತ್ತಿರದಲ್ಲಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದೆ. ಆ ಚಟ್ನಿಪುಡಿಯನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟಲಿಲ್ಲ; ಹುಳು ಬಿದ್ದ ಮೇಲೆ ಹೆಂಡತಿ ಚೆಲ್ಲಿದಳು.

ವರ್ಷಗಳು ಕಳೆದು ಸಾವಿತ್ರಿ ಮಕ್ಕಳೊಂದಿಗೆ ಬಂದಳು. ಮಕ್ಕಳು ತಮ್ಮತಮ್ಮಲ್ಲೇ ಹಿಂದಿಯಲ್ಲಿ ಮಾತಾಡಿಕೊಂಡು ನನ್ನನ್ನು ದೂರದಿಂದ ನೋಡುತ್ತಿದ್ದವು. 'ನಿಮ್ಮಮ್ಮನ್ನ ಕಳಿಸೋಕಾಗ್ದೆ ಸ್ಟೇಷನ್ನಿಗೇ ಬರ್ದೇ ಇದ್ದ ಮಾವ ಇವನೇ' ಎಂದು ಅವಳು ಪರಿಚಯ ಮಾಡಿಕೊಟ್ಟಳು. ನನಗೆ ತಡೆಯಲಾಗಲಿಲ್ಲ. ಹಲಸಿನ ಹಣ್ಣು, ಎರಡು ಗುರುತು, ಸಿರಪ್ಪು, ಎಲ್ಲವನ್ನೂ ಹೇಳಿಬಿಟ್ಟೆ. ಅವಳು ನಕ್ಕು, 'ಸುಮ್ನಿರಣ್ಣ. ಅಳು ಬಂದಿದ್ದನ್ನ ಹೊಟ್ಟೆ ಮೇಲೆ ಹಾಕ್ತೀಯ' ಎಂದಳು.

ಅವಳು ಮರಳಿ ಹೊರಟ ದಿನ ಗಂಜಿ ಕುಡಿದು, ರೈಲಿಗೆ ಬಹಳ ಮುಂಚೆಯೇ ಹಾಸನದ ಪ್ಲಾಟ್‌ಫಾರಂ ಮೇಲೆ ಹಾಜರಾದೆ. ರೈಲು ಅಲುಗಿದ್ದೇ ತಡ, ಜನರೆಲ್ಲ ನೋಡುವಂತೆ ಗೊಳೋ ಎಂದು ಅತ್ತುಬಿಟ್ಟೆ. 'ನೋಡಿದ್ಯಾ? ನಾನು ಹೇಳ್ಲಿಲ್ವಾ?' ಎಂದು ಅವಳು ಕಿಟಕಿಯಿಂದ ಕೂಗಿದಳು. ಹಾಗಲ್ಲ ಎನ್ನೋಣವೆಂದರೆ, ಅಂದು ನನ್ನ ಹೊಟ್ಟೆ ಸಂಪೂರ್ಣ ಸರಿಯಾಗಿತ್ತು.