ಐನೂರು ರೂಪಾಯಿ ಹೆಚ್ಚಿಗೆ

ಕಿಸೆಯಲ್ಲಿ ದುಡ್ಡು ಕಡಿಮೆ ಬಿದ್ದರೆ ಹೆಂಡತಿಗೆ ಏನು ಹೇಳಬೇಕೆಂದು ಗಂಡಸರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಗಾಡಿ ಕೆಟ್ಟಿತು, ಗೆಳೆಯ ಕೈಗಡ ಕೇಳಿದ, ಕಿಸೆಯೇ ತೂತಾಗಿತ್ತು, ಹೀಗೆ ಬೇಕಾದಷ್ಟು ದಾರಿಗಳಿವೆ. ಆದರೆ ದುಡ್ಡು ಹೆಚ್ಚಿಗೆ ಬಿದ್ದರೆ? ಇದಕ್ಕೆ ಈ ತನಕ ಯಾವ ಗಂಡನೂ ಉತ್ತರ ಹುಡುಕಿಟ್ಟಿಲ್ಲ. ಮುಂಡಗೋಡದ ಭಾಂಡಿ ವ್ಯಾಪಾರಿ ಅಂದಾನೆಪ್ಪ ಸಿಕ್ಕಿಬಿದ್ದದ್ದು ಸರಿಯಾಗಿ ಇಲ್ಲಿಯೇ.

ಅಂದಾನೆಪ್ಪ ಅಂತಿಂಥ ಆಸಾಮಿಯಲ್ಲ. ಅಂಗಡಿಯಲ್ಲಿ ಒಂದು ನೋಟು ಬಂದರೂ ಮೂರು ಸಲ ಎಣಿಸುವವನು (ಒಂದೇ ನೋಟನ್ನು ಎಣಿಸುವುದೇನು ಎಂದರೆ, ಎರಡು ಅಂಟಿಕೊಂಡಿದ್ದರೆ ಎನ್ನುತ್ತಾನೆ). ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗ, ಮಾತಿನಲ್ಲಿ ಗತ್ತು. ಅವನ ಹೆಂಡತಿ ಗಿರಿಜಾಬಾಯಿ ಅಂಗಡಿಯ ಗಲ್ಲೆಯ ಮೇಲೆ ಕೂಡುವವಳು. ತನ್ನ ಗಂಡನಿಗೆ ಚಹಾ ಬಿಟ್ಟರೆ ಬೇರೆ ಚಟವಿಲ್ಲ ಎಂದು ಬಸವನ ಓಣಿಯ ತುಂಬ ಹೇಳಿಕೊಂಡು ಬಂದವಳು. ಓಣಿಯೂ ಅದನ್ನು ನಂಬಿತ್ತು. ಆ ಹೆಸರೇ ಅಂದಾನೆಪ್ಪನ ಆಸ್ತಿ.

ತಿಂಗಳಿಗೊಮ್ಮೆ ಅವನು ಮಳಗಿ ಊರಿನ ಕಡೆ ಹೋಗುತ್ತಿದ್ದ, ಮದುವೆ ಮನೆಗಳ ಪಾತ್ರೆ ಆರ್ಡರು ಹಿಡಿಯಲು. ಹೊರಡುವಾಗ ಗಿರಿಜಾಬಾಯಿ ಐನೂರರ ಎರಡು ನೋಟು ಎಣಿಸಿ ಕೊಡುವಳು. ಆರ್ಡರು ಮುಗಿದ ಮೇಲೆ ಅಂದಾನೆಪ್ಪ ಶಿರಸಿ ರಸ್ತೆಯ ಪಕ್ಕದ ಒಂದು ಬಾರಿನ ಪರದೆ ಸರಿಸಿ ಒಳಗೆ ಹೋಗಿ, ಮೂಲೆಯ ಟೇಬಲ್ಲಿನಲ್ಲಿ ಒಂದು ಕ್ವಾರ್ಟರು, ಒಂದು ತಾಟು ಖಾರದ ಶೇಂಗಾ ಮುಗಿಸಿ, ಕೆರೆಯ ದಂಡೆಯ ಮೇಲೆ ಮೂರು ತಾಸು ಕುಳಿತು ಏಲಕ್ಕಿ ಅಗಿದು, ಸಾಯಂಕಾಲದ ಹೊತ್ತಿಗೆ ಶುದ್ಧ ಶರಣನಾಗಿ ಮನೆಗೆ ಬರುತ್ತಿದ್ದ.

ಅಂಗಡಿಯಲ್ಲಿ ಮೂರು ಸಲ ಎಣಿಸುವ ಈ ಮನುಷ್ಯ ಬಾರಿನಲ್ಲಿ ಮಾತ್ರ ಒಂದು ಸಲವೂ ಎಣಿಸುತ್ತಿರಲಿಲ್ಲ. ಎಣಿಸಬೇಕೆಂದರೆ ಕೌಂಟರಿನ ಮುಂದೆ ನಿಲ್ಲಬೇಕು, ನಿಂತರೆ ಯಾರಾದರೂ ನೋಡುತ್ತಾರೆ. ಐನೂರರ ನೋಟು ಕೊಡುವುದು, ತಿರುಗಿ ಬಂದದ್ದನ್ನು ಮುಷ್ಟಿಯಲ್ಲಿ ಹಿಡಿದು ಕಿಸೆಗೆ ತುರುಕುವುದು, ಹೊರಬೀಳುವುದು. ಮೊದಲ ಸಲ ಮಾತ್ರ ದಾರಿಯಲ್ಲಿ ಮರದ ಹಿಂದೆ ನಿಂತು ಎಣಿಸಿದಾಗ ಮುನ್ನೂರಾ ಇಪ್ಪತ್ತು ಹೋಗಿತ್ತು. ಅಂದಿನಿಂದ ಅದೇ ಟೇಬಲ್ಲು, ಅದೇ ಶೇಂಗಾ, ಅದೇ ಲೆಕ್ಕ. ಮತ್ತೆ ಎಣಿಸುವ ಗೋಜು ಏಕೆ?

ಮನೆಯಲ್ಲಿ ಹೇಳುವ ಉತ್ತರವೂ ಒಂದೇ. ಗಾಡಿ ಪಂಕ್ಚರ್ ಆಗಿತ್ತು, ಕರೀಮನ ಗ್ಯಾರೇಜಿನಲ್ಲಿ ಹೊಸ ಟ್ಯೂಬು ಹಾಕಿಸಿದೆ, ಮುನ್ನೂರಾ ಇಪ್ಪತ್ತು. ಹಳೆಯ ಸ್ಕೂಟರಿನ ಕಾಲದಿಂದಲೂ ಅವನು ಅಷ್ಟಿಷ್ಟು ಖರ್ಚಿಗೆ ಇದೇ ಪಂಕ್ಚರನ್ನು ಮುಂದೆ ಮಾಡುತ್ತಿದ್ದ. ಪಾಪ ಗಿರಿಜಾಬಾಯಿ, ಗಂಡ ಪಡುವ ಕಷ್ಟ ನೋಡಲಾರದೆ ಎರಡು ವರ್ಷದ ಹಿಂದೆ ಹೊಸ ಸ್ಕೂಟರನ್ನೇ ಕೊಡಿಸಿದಳು. ಅದೂ ತಿಂಗಳಿಗೊಮ್ಮೆ ಪಂಕ್ಚರ್ ಆಗತೊಡಗಿದಾಗ ಅವಳಿಗೆ ಉಳಿದದ್ದು ಒಂದೇ ಅನುಮಾನ, ತಪ್ಪು ಗಾಡಿಯದಲ್ಲ, ಕರೀಮನದು. ಅಬ್ದುಲ್ ಕರೀಮ ಹಳೆ ಟ್ಯೂಬು ತೊಳೆದು ಹೊಸದೆಂದು ಹಾಕುವ ಕಳ್ಳ ಎಂದು ಓಣಿಯ ತುಂಬ ಸುದ್ದಿಯಾಯಿತು. ಅಂದಾನೆಪ್ಪ ಅದಕ್ಕೆ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಆ ದಿನವೂ ಎಲ್ಲ ಎಂದಿನಂತೆಯೇ ನಡೆಯಿತು. ಕಾಲು ತೊಳೆಯುವ ಮೊದಲೇ ಕಿಸೆ ತೋರಿಸುವುದು ಆ ಮನೆಯ ಪದ್ಧತಿ. ಅಂದಾನೆಪ್ಪ ಕಿಸೆಯಲ್ಲಿದ್ದದ್ದನ್ನೆಲ್ಲ ಹೆಂಡತಿಯ ಕೈಗೆ ಹಾಕಿ, ನಿಶ್ಚಿಂತನಾಗಿ ಲೆಕ್ಕ ಒಪ್ಪಿಸಿದ.

"ಪೆಟ್ರೋಲಿಗೆ ಇನ್ನೂರು. ಬರೂ ಮುಂದ ಮತ್ತ ಪಂಕ್ಚರ್ ನೋಡು. ಕರೀಮನ ಕಡೆ ಟ್ಯೂಬ್ ಹಾಕಿಸ್ದೆ, ಮುನ್ನೂರಾ ಇಪ್ಪತ್ತು."

"ಆ ಕರೀಮ ಟ್ಯೂಬ್ ಹಾಕ್ತಾನೋ ಮಕ್ಕಳು ಊದೋ ಫುಗ್ಗಾ ಹಾಕ್ತಾನೋ?" ಎಂದು ಗೊಣಗುತ್ತಾ ಗಿರಿಜಾಬಾಯಿ ಎಣಿಸಿದಳು. ನಿಂತಳು. ಮತ್ತೊಮ್ಮೆ ಎಣಿಸಿದಳು. "ರೀ, ನಾನೂರಾ ಎಂಬತ್ತು ಉಳೀಬೇಕು. ಇಲ್ಲಿ ಒಂಬೈನೂರಾ ಎಂಬತ್ತು ಐತಿ."

"ಏನ?"

"ಐನೂರು ಹೆಚ್ಚಿಗಿ ಐತಿ. ಎಲ್ಲಿಂದ ಬಂತು?"

ಅಂದಾನೆಪ್ಪನ ಕಣ್ಣ ಮುಂದೆ ಬಾರಿನ ಕೌಂಟರು ಬಂದು ನಿಂತಿತು. ಅಲ್ಲಿ ಕೂಡುವ ಕಿರಣಕುಮಾರ ಆ ದಿನ ಫೋನಿನಲ್ಲಿ ಮಾತಾಡುತ್ತಾ, ಚಿಲ್ಲರೆಯ ಜೊತೆಗೆ ಇವನ ಐನೂರರ ನೋಟನ್ನೂ ಇವನಿಗೇ ತಿರುಗಿ ಕೊಟ್ಟಿದ್ದ! ಪಂಕ್ಚರಿನ ಕಥೆ ಹೇಳದಿದ್ದರೆ ಹೇಗೋ ಪಾರಾಗಬಹುದಿತ್ತು. ಅದನ್ನು ಆಗಲೇ ಹೇಳಿಯಾಗಿದೆ. ಆದರೂ ಅಂದಾನೆಪ್ಪ ಧೈರ್ಯಗೆಡುವ ಪೈಕಿಯವನಲ್ಲ.

"ಕರೀಮ ತಪ್ಪಿ ಕೊಟ್ಟಾನ ತಗೋ," ಎಂದ.

ಇದನ್ನು ಕೇಳಿ ಗಿರಿಜಾಬಾಯಿಯ ಮುಖವೇ ಬದಲಾಯಿತು. "ಅಯ್ಯ ಶಿವನ! ಕಳ್ಳ ಇದ್ದಾವ ಹಿಂಗ ಐನೂರು ಹೆಚ್ಚಿಗಿ ಕೊಡ್ತಾನೇನ್ರಿ? ಎಷ್ಟು ಭೋಳೆ ಮನಷ್ಯಾ ಇರಬೇಕು! ನಾ ಅಂಥಾವಂಗ ಏನೇನ ಅಂದೆ!"

"ನಾಳೆ ನಾ ಕೊಟ್ಟು ಬರ್ತೇನಿ, ನೀ ಚಿಂತಿ ಮಾಡಬ್ಯಾಡ."

"ಇಲ್ಲ, ನಾನೂ ಬರ್ತೇನಿ. ಓಣಿ ತುಂಬ ಆಡಿದ್ದು ನನ್ನ ಬಾಯಿ. ಅವನ ಮುಂದ ನಾನ ತಪ್ಪಾತು ಅನ್ನಬೇಕು," ಎಂದು ಅವಳು ಶೇಂಗಾ ಹೋಳಿಗೆ ಮಾಡಲು ಒಳಗೆ ನಡೆದಳು.

ಮರುದಿನ ಬೆಳಿಗ್ಗೆ ಹಾಲು ತರುವ ನೆಪ ಹೇಳಿ ಅಂದಾನೆಪ್ಪ ಸ್ಕೂಟರ್ ಏರಿ ನೇರವಾಗಿ ಕರೀಮನ ಗ್ಯಾರೇಜಿಗೆ ಹೋದ. ಒಬ್ಬ ವ್ಯಾಪಾರಸ್ಥನನ್ನು ಇನ್ನೊಬ್ಬ ವ್ಯಾಪಾರಸ್ಥ ಒಪ್ಪಿಸುವುದು ಎರಡು ನಿಮಿಷದ ಕೆಲಸ ಎಂಬ ಭರವಸೆ ಅವನಿಗಿತ್ತು. ಕರೀಮ ಆಗಷ್ಟೇ ಶಟರ್ ಎತ್ತುತ್ತಿದ್ದ.

"ಕರೀಮ, ಒಂದ ಸಣ್ಣ ಕೆಲಸ ಐತಿ. ನಮ್ಮ ಮನಿಯಾಕಿ ಬಂದು ಐನೂರು ರೂಪಾಯಿ ಕೊಡ್ತಾಳ. ಏನೂ ಮಾತಾಡದ ಇಸ್ಕೋ."

"ಯಾವ ರೊಕ್ಕರಿ ಸಾವಕಾರ್ರ?"

ಅಂದಾನೆಪ್ಪ ಎಲ್ಲವನ್ನೂ ಹೇಳಿದ. ಕರೀಮ ಎರಡು ಹೆಜ್ಜೆ ಹಿಂದೆ ಸರಿದ. "ತೌಬಾ, ತೌಬಾ! ಬಾರಿನ ರೊಕ್ಕ ನಾ ಮುಟ್ಟಂಗಿಲ್ಲರಿ."

"ಮುಟ್ಟಬ್ಯಾಡಪಾ, ಇಕ್ಕಳದಾಗ ಹಿಡಿ."

"ನಗಬ್ಯಾಡ್ರಿ ಸಾವಕಾರ್ರ." ಕರೀಮನ ದನಿ ಏರಿತು. "ತಿಂಗಳಾ ತಿಂಗಳಾ ನನ್ನ ಹೆಸರಿನ ಮ್ಯಾಲ ಟ್ಯೂಬ್ ಹಾಕಿಸೀರಿ? ಎರಡು ವರ್ಷ ಆತು, ನಿಮ್ಮ ಓಣಿದು ಒಂದು ಗಾಡಿ ಇತ್ತಾಗ ಬಂದಿಲ್ಲ. ನನ್ನ ಮುಂದ ದೂಡಿಕೋತ ಹೋಗ್ತಾರ, ಒಳಗ ಬರಂಗಿಲ್ಲ. ಯಾರೋ ಮಾಟ ಮಾಡಿಸ್ಯಾರ ಅಂತ ನಾನು ದರ್ಗಾಕ್ಕ ಹೋಗಿ ಬಂದೆ. ಮಾಟ ಮಾಡಿದವ್ರು ನೀವಾ?"

ಅಂದಾನೆಪ್ಪನಿಗೆ ಮೊಟ್ಟಮೊದಲ ಬಾರಿಗೆ ಸ್ವಲ್ಪ ನಾಚಿಕೆಯಾಯಿತು. ಕರೀಮ ಎರಡು ಮಕ್ಕಳ ತಂದೆ, ದಿನವಿಡೀ ಗ್ರೀಸಿನಲ್ಲಿ ಕೈ ಅದ್ದಿ ದುಡಿಯುವವನು. ಅಂದಾನೆಪ್ಪ ಏನಾದರೂ ಹೇಳೋಣ ಎಂದು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ "ಕರೀಮಣ್ಣಾ" ಎಂಬ ದನಿ ಕೇಳಿತು. ಗಂಡ ಹಾಲು ತರುವ ತನಕ ಕಾಯದೆ ಗಿರಿಜಾಬಾಯಿ ಹೋಳಿಗೆಯ ಡಬ್ಬಿ ಹಿಡಿದು ನಡೆದುಕೊಂಡೇ ಬಂದಿದ್ದಳು. ಗಂಡನೂ ಅಲ್ಲಿಯೇ ಇದ್ದದ್ದು ಕಂಡು ಅವಳಿಗೆ ಒಳ್ಳೆಯದೇ ಆಯಿತೆನಿಸಿತು.

"ಕರೀಮಣ್ಣಾ, ನಂದು ತಪ್ಪಾತಪಾ. ಮೊದಲ ಈ ರೊಕ್ಕ ತಗೋ."

"ಇದು ನನ್ನ ರೊಕ್ಕ ಅಲ್ಲರಿ ಅಕ್ಕಾರ."

"ನೋಡ್ರಿ, ತನ್ನ ರೊಕ್ಕನೂ ಬ್ಯಾಡ ಅಂತಾನ!" ಗಿರಿಜಾಬಾಯಿಯ ಕಣ್ಣಲ್ಲಿ ನೀರೇ ಬಂತು. "ಇಂಥಾವನ್ನ ನಾನು ಹಳೆ ಟ್ಯೂಬ್ ಹಾಕ್ತಾನ ಅಂತ ಅಂದೆ. ಈ ಗಾಡಿಗೆ ಎರಡು ವರ್ಷದಾಗ ಇಪ್ಪತ್ನಾಲ್ಕು ಟ್ಯೂಬ್ ಹಾಕಿದವ ನೀನ..."

ಸುಳ್ಳು ಹೇಳುವುದಿಲ್ಲ, ನಿಜವನ್ನೂ ಬಾಯಿಬಿಡುವುದಿಲ್ಲ ಎಂದು ಕರೀಮ ನಿರ್ಧರಿಸಿದಂತಿತ್ತು. ಆದರೆ ಇಪ್ಪತ್ನಾಲ್ಕು ಟ್ಯೂಬು ಎಂಬ ಮಾತು ಕಿವಿಗೆ ಬಿದ್ದದ್ದೇ ಅವನೊಳಗಿನ ಮೆಕ್ಯಾನಿಕ್ ಎದ್ದು ನಿಂತ. ಅವನ ಕಣ್ಣು ಬಾಗಿಲಲ್ಲಿ ನಿಂತಿದ್ದ ಸ್ಕೂಟರಿನ ಗಾಲಿಯ ಮೇಲೆ ಬಿತ್ತು.

"ಅಕ್ಕಾರ, ಇಲ್ಲಿ ಬರ್ರಿ. ಟಾಯರ್ ಮ್ಯಾಲ ಏನು ಬರದೈತಿ, ಓದ್ರಿ."

ಗಿರಿಜಾಬಾಯಿ ಬಗ್ಗಿ, ಸೆರಗಿನಿಂದ ಧೂಳು ಒರೆಸಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಟ್ಯೂಬ್... ಲೆಸ್."

"ಅಂದ್ರ ಈ ಗಾಡಿಗೆ ಟ್ಯೂಬ ಇರಂಗಿಲ್ಲರಿ. ಕಂಪನಿಯಿಂದನ ಇಲ್ಲ. ಒಳಗ ಬರೇ ಗಾಳಿ."

ಅಂದಾನೆಪ್ಪ ಎರಡು ವರ್ಷದಿಂದ ಅದೇ ಗಾಡಿಯ ಮೇಲೆ ಕುಳಿತು ತಿರುಗಿದ್ದ. ಈ ಸಂಗತಿ ಅವನಿಗೂ ಹೊಸದು. ಆದರೂ ಪಟ್ಟು ಬಿಡದೆ ಹೇಳಿದ, "ಹಂಗ ಬರದಿರ್ತಾರ. ಒಳಗ ಸಣ್ಣದೊಂದ ಇರ್ತೈತಿ."

ಕರೀಮ ಆಕಾಶ ನೋಡಿದ. ಗಿರಿಜಾಬಾಯಿ ಗಂಡನ ಮುಖ ನೋಡಿದಳು.

"ಟ್ಯೂಬಿನ ರೊಕ್ಕ ಎಲ್ಲಿ ಹೋತ್ರಿ?"

"ಮಳಗಿಯಾಗ... ಒಂದ ಹೊಟೇಲಿನಾಗ."

"ಯಾವ ಹೊಟೇಲ್?"

"ಬಾಗಲಕ್ಕ ಪರದೆ ಇರ್ತೈತಿ ನೋಡು, ಅದು."

ಅವಳು ಕೂಗಾಡಲಿಲ್ಲ. ಹೋಳಿಗೆಯ ಡಬ್ಬಿಯನ್ನು ಕರೀಮನ ಕೈಗಿಟ್ಟಳು. "ಕರೀಮಣ್ಣಾ, ಓಣ್ಯಾಗ ನಾ ಏನ ಹೇಳಬೇಕೋ ಹೇಳ್ತೇನಿ," ಎಂದು ಸ್ಕೂಟರಿನ ಹಿಂದೆ ಕುಳಿತಳು. "ನಡೀರಿ ಮಳಗಿಗೆ. ರೊಕ್ಕ ಯಾರದೈತಿ ಅವರಿಗೆ ಮುಟ್ಟಬೇಕು."

ಗಾಡಿ ಊರು ದಾಟುವಷ್ಟರಲ್ಲಿ ಅಂದಾನೆಪ್ಪನಿಗೆ ಧೈರ್ಯ ತಿರುಗಿ ಬಂತು. ಐನೂರು ಕೊಟ್ಟು ಬಂದರೆ ಪ್ರಾಮಾಣಿಕತೆಯ ಹೆಸರಾದರೂ ಉಳಿಯುತ್ತದೆ. ಉಳಿದದ್ದು ಮನೆಯೊಳಗಿನ ಮಾತು, ಓಣಿಗೆ ಗೊತ್ತಾಗಬೇಕಾಗಿಲ್ಲ.

ಪರದೆ ಸರಿಸುತ್ತಿದ್ದಂತೆ ಕಿರಣಕುಮಾರ ಎದ್ದು ನಿಂತ. "ಬರ್ರಿ ಸಾವಕಾರ್ರ! ಈ ತಿಂಗಳು ಎರಡನೇ ಸಲ! ಮೂಲಿ ಟೇಬಲ್ ಖಾಲಿ ಐತ್ರಿ." ಆಮೇಲೆ ಹಿಂದೆ ಬಂದವಳನ್ನು ನೋಡಿ ಅವನ ನಗು ಅಲ್ಲಿಯೇ ಸಿಕ್ಕಿಕೊಂಡಿತು.

ಗಿರಿಜಾಬಾಯಿ ಐನೂರರ ನೋಟನ್ನು ಕೌಂಟರಿನ ಮೇಲಿಟ್ಟಳು. "ನಿನ್ನೆ ಇವರಿಗೆ ಹೆಚ್ಚಿಗಿ ಕೊಟ್ಟೀಯಂತ. ತಗೋ."

ಕಿರಣಕುಮಾರ ಕೈಮುಗಿದೇ ಬಿಟ್ಟ. "ನನ್ನ ಪಗಾರದಾಗ ಹಿಡಿದಿದ್ರು ಅಕ್ಕಾರ. ನಿಮ್ಮಂಥಾವ್ರು ಎಲ್ಲಿ ಸಿಗ್ತಾರ!" ಇಷ್ಟಕ್ಕೆ ನಿಲ್ಲಿಸಿದ್ದರೆ ಅಂದಾನೆಪ್ಪ ಬದುಕುತ್ತಿದ್ದ. ಹೊಗಳುವ ಭರದಲ್ಲಿ ಅವನು ಮುಂದುವರಿಸಿದ. "ಸಾವಕಾರ್ರದು ಭಾಳ ದೊಡ್ಡ ಮನಸು. ಎರಡು ವರ್ಷದಾಗ ಒಮ್ಮಿನೂ ಚಿಲ್ಲರೆ ಎಣಿಸಿದವರಲ್ಲ."

"ಎಣಿಸಿಲ್ಲ?" ಗಿರಿಜಾಬಾಯಿ ಮೆಲ್ಲಗೆ ಕೇಳಿದಳು. ಗೋಡೆಯ ಮೇಲಿನ ದರಪಟ್ಟಿ ಕತ್ತಲಲ್ಲಿ ಕಾಣದ್ದಕ್ಕೆ ಬಾಗಿಲ ಪರದೆಯನ್ನು ಪೂರ್ತಿ ಪಕ್ಕಕ್ಕೆ ಸರಿಸಿದಳು. "ಕ್ವಾರ್ಟರ್ ಇನ್ನೂರು, ಶೇಂಗಾ ನಲವತ್ತು. ಇನ್ನೂರಾ ನಲವತ್ತಾತು. ಇವರ ಕಿಸೆದಾಗಿಂದ ಮುನ್ನೂರಾ ಇಪ್ಪತ್ತು ಹೆಂಗ ಹೋತು?"

"ಎಂಬತ್ತು ನನಗ ಬಿಟ್ಟು ಹೋಗ್ತಾರ ಅಂತ ತಿಳದಿದ್ದೆ ಅಕ್ಕಾರ," ಕಿರಣಕುಮಾರ ತೊದಲಿದ. "ಒಮ್ಮಿನೂ ಕೇಳಲಿಲ್ಲಲ್ಲರಿ..."

ಗಿರಿಜಾಬಾಯಿ ಗಂಡನ ಕಡೆ ತಿರುಗಿದಳು. ಗ್ಯಾರೇಜಿನಲ್ಲಿ ಬಾರದ ಸಿಟ್ಟು ಈಗ ಬಂತು.

"ಕುಡದದ್ದನ್ನ ಮನಿಗೆ ಹೋಗಿ ನೋಡ್ಕೋತೇನಿ. ಎಣಿಸಲಾರದ ಹೆಂಗ ಬಂದ್ರಿ? ಒಂದ ಸಲ ಅಲ್ಲ, ಎರಡ ಸಲ ಅಲ್ಲ, ಇಪ್ಪತ್ನಾಲ್ಕು ಸಲ! ಎಂಬತ್ತರಂಗ ಹತ್ತೊಂಬತ್ತುನೂರಾ ಇಪ್ಪತ್ತು ರೂಪಾಯಿ! ನೀವೇನು ವ್ಯಾಪಾರಸ್ಥರೋ, ಧರ್ಮಛತ್ರಾ ಇಟ್ಟೀರೋ?"

"ಗಿರಿಜಾ, ಮೊದಲ ಪರದೆ ಮುಚ್ಚು..."

ಅಷ್ಟರಲ್ಲಿ ಎದುರಿಗೆ ಮುಂಡಗೋಡದ ಬಸ್ಸು ಬಂದು ನಿಂತಿತು. ಕಿಟಕಿಯಿಂದ ಬಸವನ ಓಣಿಯ ಮಾಲವ್ವನ ತಲೆ ಹೊರಬಂತು. ಓಣಿಯಲ್ಲಿ ಸುದ್ದಿ ಹಂಚುವ ಕೆಲಸದಲ್ಲಿ ಮಾಲವ್ವನನ್ನು ಮೀರಿಸಿದವರಿಲ್ಲ.

"ಗಿರಿಜಕ್ಕಾ! ಬಾರಿನಾಗ ಏನ ಮಾಡಾಕತ್ತೀಯ?"

"ನಿಮ್ಮ ಅಣ್ಣಾರ ಎರಡು ವರ್ಷದ ಚಿಲ್ಲರೆ ಇಸ್ಕೊಳ್ಳಾಕತ್ತೇನಿ!" ಗಿರಿಜಾಬಾಯಿ ಬಸ್ಸಿನ ಕೊನೆಯ ಸೀಟಿಗೂ ಕೇಳುವಂತೆ ಹೇಳಿದಳು.

ಅಂದಾನೆಪ್ಪ ಗೋಡೆಯ ಕಡೆ ಮುಖ ಮಾಡಿ ದರಪಟ್ಟಿ ಓದುತ್ತಾ ನಿಂತ.

ತಿಂಗಳಿಗೆ ಎಂಬತ್ತರಂತೆ ಇಪ್ಪತ್ನಾಲ್ಕು ಕಂತಿನಲ್ಲಿ ತೀರಿಸುವುದೆಂದು ಕಿರಣಕುಮಾರ ಒಪ್ಪಿಕೊಂಡ. ಹೊರಡುವ ಮುನ್ನ ಗಿರಿಜಾಬಾಯಿ ಬಾರಿನ ಮಾಲೀಕನಿಂದ ನಾಲ್ಕು ಡಜನ್ ಸ್ಟೀಲ್ ತಾಟಿನ ಆರ್ಡರನ್ನೂ ಹಿಡಿದಳು. ಓಣಿಯ ಗಾಡಿಗಳೆಲ್ಲ ವಾರದೊಳಗೆ ಕರೀಮನ ಗ್ಯಾರೇಜಿಗೆ ಮರಳಿದವು. ಕರೀಮನ ಮಗಳು ಖುಷ್ಬೂ ಹತ್ತೇ ದಿನದಲ್ಲಿ ಗಿರಿಜಾಬಾಯಿಗೆ ಸ್ಕೂಟರ್ ಕಲಿಸಿದಳು. ಮಳಗಿಯ ವಸೂಲಿ, ಮದುವೆ ಮನೆಗಳ ಆರ್ಡರು, ಎಲ್ಲ ಇನ್ನು ಮೇಲೆ ಗಿರಿಜಾಬಾಯಿಯ ಕೆಲಸ, ಗಲ್ಲೆ ಅಂದಾನೆಪ್ಪನದು ಎಂದು ತೀರ್ಮಾನವಾಯಿತು.

ಮುಂದಿನ ತಿಂಗಳು ಅವನೇ ಐನೂರರ ಎರಡು ನೋಟು ಮೂರು ಸಲ ಎಣಿಸಿ ಅವಳ ಕೈಗೆ ಕೊಟ್ಟ. ಸಾಯಂಕಾಲ ಅವಳು ಬಂದು ಸ್ಕೂಟರ್ ನಿಲ್ಲಿಸಿದ ಕೂಡಲೆ, ಕಾಲು ತೊಳೆಯುವ ಮೊದಲೇ, ಕೈ ಚಾಚಿದ. ಪದ್ಧತಿ ಎಂದರೆ ಪದ್ಧತಿ. ಅವಳು ಕಂತಿನ ಎಂಬತ್ತು ಬೇರೆ ಕೊಟ್ಟಳು, ಉಳಿದದ್ದು ಬೇರೆ ಕೊಟ್ಟಳು.

"ಪೆಟ್ರೋಲಿಗೆ ಇನ್ನೂರು ಹೋದ್ರ ಎಂಟುನೂರು ಉಳೀಬೇಕು," ಎಂದ ಅಂದಾನೆಪ್ಪ, ಗಂಭೀರವಾಗಿ ಮೂರನೇ ಸಲ ಎಣಿಸುತ್ತಾ. "ನಾನೂರಾ ಎಂಬತ್ತ ಐತಲ್ಲ? ಮುನ್ನೂರಾ ಇಪ್ಪತ್ತು ಏನಾತು?"

ಗಿರಿಜಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಎರಡೂ ಕೈತುಂಬ ಹೊಸ ಬಳೆಗಳು ಗಲಗಲ ಎಂದವು.

"ಬರೂ ಮುಂದ ಪಂಕ್ಚರ್ ಆತ್ರಿ," ಎಂದಳು. "ಟ್ಯೂಬ್ ಹಾಕಿಸ್ದೆ."

ಅಂದಾನೆಪ್ಪ ಬಳೆ ನೋಡಿದ, ಸ್ಕೂಟರ್ ನೋಡಿದ, ಹೆಂಡತಿಯ ಮುಖ ನೋಡಿದ. ಆಮೇಲೆ ಲೆಕ್ಕದ ವಹಿ ಎಳೆದುಕೊಂಡು ದುಂಡಗಿನ ಅಕ್ಷರದಲ್ಲಿ ಬರೆದ: ಟ್ಯೂಬು, ಮುನ್ನೂರಾ ಇಪ್ಪತ್ತು.