ಮೇಷ್ಟ್ರ ಕಾಲು ತಡವಾದದ್ದು

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಕಾಲು. ಡ್ರೈವಿಂಗ್ ಸ್ಕೂಲ್ ಮೇಷ್ಟ್ರ ಬಲಗಾಲು. ಅದು ಬ್ರೇಕಿನ ಮೇಲೆ ಬೀಳಬೇಕಾದ ಹೊತ್ತಿಗೆ ಬೀಳಲಿಲ್ಲ. ಆಮೇಲೆ, ಬಿಡುವು ಮಾಡಿಕೊಂಡು ಬಿತ್ತು.

ಕಲಿಸುವ ಕಾರು ನೀವು ನೋಡಿರುತ್ತೀರಿ. ಕಲಿಯುವವರಿಗೆ ಒಂದು ಬ್ರೇಕ್ ಇದ್ದರೆ ಪಕ್ಕದಲ್ಲಿ ಕೂತ ಮೇಷ್ಟ್ರಿಗೂ ಒಂದು ಇರುತ್ತದೆ. ಕಲಿಯುವವರು ಕಣ್ಣು ಮುಚ್ಚಿಕೊಂಡು ದೇವರನ್ನು ಕರೆಯುವಾಗ ಮೇಷ್ಟ್ರು ಅದನ್ನು ಒತ್ತಬೇಕು. ಅವತ್ತು ಬೆಳಿಗ್ಗೆ ಸ್ಟೀರಿಂಗ್ ಹಿಡಿದಿದ್ದವನು ಒಬ್ಬ ಟೈಲರ್. ಎದುರಿಗೆ ತರಕಾರಿ ಗಾಡಿ. ಟೈಲರ್ ಪಕ್ಕಕ್ಕೆ ನೋಡಿದ, ಮೇಷ್ಟ್ರ ಕಡೆಯಿಂದ ಏನೂ ಬರುವ ಲಕ್ಷಣ ಕಾಣಲಿಲ್ಲ, ಪ್ರಾಣ ಕೈಯಲ್ಲಿ ಹಿಡಿದು ತಾನೇ ಬ್ರೇಕ್ ತುಳಿದ. ಕಾರು ಗಾಡಿಗೆ ಮೆತ್ತಗೆ ಮುತ್ತು ಕೊಟ್ಟು ನಿಂತಿತು. ಟೊಮೆಟೊಗಳು ಶಾಲೆ ಬಿಟ್ಟ ಮಕ್ಕಳ ಹಾಗೆ ರಸ್ತೆ ತುಂಬ ಓಡಿದವು. ಕೊನೆಯ ಟೊಮೆಟೊ ಚರಂಡಿ ಸೇರಿದ ಮೇಲೆ ಮೇಷ್ಟ್ರ ಕಾಲು ಬಂದು ಬ್ರೇಕಿನ ಮೇಲೆ ಕೂತಿತು.

"ಪರವಾಗಿಲ್ಲ... ಈಗ ನಿಧಾನಕ್ಕೆ... ಬ್ರೇಕು," ಎಂದರು ಮೇಷ್ಟ್ರು.

ಸ್ಕೂಲಿನ ಯಜಮಾನರಿಗೆ ಸುದ್ದಿ ಮುಟ್ಟುವುದಕ್ಕೆ ಎಷ್ಟು ಹೊತ್ತು. ಮೇಷ್ಟ್ರು ಒಳಗೆ ಕಾಲಿಡುವಷ್ಟರಲ್ಲಿ ತರಕಾರಿಯವನು ಕೂಗಾಡಿ ಹೋಗಿಯೂ ಆಗಿತ್ತು.

"ನೋಡಿ ಮೇಷ್ಟ್ರೇ, ನಿಮ್ಮ ಹತ್ರ ಕಲಿತವರು ಒಬ್ರೂ ಫೇಲಾಗಲ್ಲ, ಅದಕ್ಕೇ ಇಷ್ಟು ದಿನ ಸುಮ್ನಿದ್ದೆ. ಇನ್ನೊಂದು ಸಲ ಕಾರು ಎಲ್ಲಾದ್ರೂ ತಗುಲ್ಲಿ, ನಿಮ್ಮನ್ನ ಕಾರಿಂದ ಇಳಿಸಿ ಆ ಮೂಲೇಲಿ ಫೋನ್ ಎತ್ತೋಕೆ ಕೂರಿಸ್ತೀನಿ."

ಮೇಷ್ಟ್ರ ಎದೆ ಧಸಕ್ಕೆಂದಿತು. ಅದೂ ಸ್ವಲ್ಪ ತಡವಾಗಿಯೇ. ಆ ಸೀಟು ಅವರಿಗೆ ಬರೀ ಸೀಟಲ್ಲ. ಊರಿನ ಅರ್ಧ ಸ್ಟೀರಿಂಗು ಅವರ ಶಿಷ್ಯರ ಕೈಯಲ್ಲಿತ್ತು. ರಸ್ತೆಯಲ್ಲಿ ಅವರು ನಡೆದು ಹೋದರೆ ಬಸ್ಸಿನವನೂ ವೇಗ ತಗ್ಗಿಸಿ ಕೈ ಎತ್ತುತ್ತಿದ್ದ. ಯಾರ ಮೇಲೂ ಅವರು ದನಿ ಏರಿಸಿದವರಲ್ಲ. ಗೇರು ಬದಲಿಸಲು ಹೋಗಿ ಮೇಷ್ಟ್ರ ಮಂಡಿ ಹಿಡಿದು ತಿರುವಿದವರಿಗೂ "ಪರವಾಗಿಲ್ಲ, ಅದು ನಂದು" ಎಂದು ಹೇಳಿ ಕಲಿಸಿದ ಮನುಷ್ಯ. ಅಂಥವರನ್ನು ಫೋನಿನ ಮುಂದೆ ಕೂರಿಸುವುದೆಂದರೆ ಆನೆಯನ್ನು ತಂದು ಗೇಟಿಗೆ ಕಟ್ಟಿದ ಹಾಗೆ.

ಆದರೆ ಈಚೆಗೆ ಅವರಿಗೆ ಏನೋ ಆಗಿತ್ತು. ಉರಿಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಕಾರಿನ ಗಾಜು ಏರಿಸಿ ಕೂರುತ್ತಿದ್ದರು. ತಿನ್ನುವುದು ಕಡಿಮೆ, ಹೊಟ್ಟೆ ಮಾತ್ರ ಮುಂದೆ. ಮುಖ ಊದಿತ್ತು, ದನಿ ಒಡೆದಿತ್ತು, ಕೂತಲ್ಲೇ ಕಣ್ಣು ಎಳೆಯುತ್ತಿತ್ತು. "ರಾತ್ರಿ ಇವರ ಗಂಟಲಲ್ಲಿ ಯಾರೋ ಟ್ರಂಕು ಎಳ್ದಾಡ್ತಾರೆ ಕಣ್ರೀ," ಎಂದು ಹೆಂಡತಿ ಮಹಡಿ ಮನೆಯ ರಿಟೈರ್ಡ್ ಹೆಡ್‌ಕ್ಲಾರ್ಕಿಗೆ ಹೇಳಿದ್ದೇ ತಪ್ಪಾಯಿತು. ಅವರು ದಿನಾ ಬೆಳಿಗ್ಗೆ ಬಂದು ಬಾಗಿಲು ಬಡಿಯತೊಡಗಿದರು. "ಏಳ್ರೀ, ವಾಕಿಂಗ್ ಬನ್ನಿ. ಇದು ಕಾಯಿಲೆ ಅಲ್ಲ, ಸೋಮಾರಿತನ. ನಮ್ಮ ಆಫೀಸಲ್ಲಿ ಎಲ್ಲರಿಗೂ ಇತ್ತು." ಮೇಷ್ಟ್ರು ಹೋದರು. ಪಾರ್ಕಿನ ಮೊದಲನೇ ಬೆಂಚಿನ ತನಕ ಹೋಗಿ ಅಲ್ಲೇ ಗೊರಕೆ ಹೊಡೆದರು.

ಆ ಮಧ್ಯಾಹ್ನದ ಪಾಠ ಡಾಕ್ಟರಮ್ಮನದು. ಎದುರು ಬೀದಿಯಲ್ಲೇ ಅವರ ಕ್ಲಿನಿಕ್ಕು. ರೋಗಿಗಳ ಮುಂದೆ ಹುಲಿ, ಸ್ಟೀರಿಂಗ್ ಹಿಡಿದರೆ ಮೊಲ. ಆದರೆ ಕಣ್ಣು ಮಾತ್ರ ಕಣ್ಣು ಕಣ್ರೀ, ರಸ್ತೆ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅದಕ್ಕೆ ಕಾಣುತ್ತಿತ್ತು.

ಕೆಂಪು ದೀಪಕ್ಕೆ ಕಾರು ನಿಂತಿತು. ಡಾಕ್ಟರಮ್ಮ ಮೇಷ್ಟ್ರನ್ನೇ ದಿಟ್ಟಿಸಿದರು.

"ಮೇಷ್ಟ್ರೇ, ನಿಮಗೆ ಚಳಿ ಆಗ್ತಿದ್ಯಾ?"

"ಸ್ವಲ್ಪ... ಮುಂದೆ ನೋಡಿ."

"ನೋಡ್ತೀನಿ. ಕೈ ಕೊಡಿ."

ಮೇಷ್ಟ್ರು ಕೈ ಕೊಟ್ಟರು. ಡಾಕ್ಟರಮ್ಮ ನಾಡಿ ಹಿಡಿದರು. ದೀಪ ಹಸಿರಾಯಿತು. ಹಿಂದಿನಿಂದ ಒಂದು ಹಾರ್ನು, ಎರಡು, ಆಮೇಲೆ ಮದುವೆ ದಿಬ್ಬಣದಷ್ಟು ಸದ್ದು.

"ಡಾಕ್ಟರಮ್ಮ... ಹಸಿರು..."

"ಸುಮ್ನಿರಿ, ಲೆಕ್ಕ ತಪ್ಪುತ್ತೆ. ನಿಮ್ಮ ನಾಡಿ ರಜದ ಮೇಲಿರೋ ಹಂಗಿದೆ. ಚರ್ಮ ನೋಡಿ, ಮರಳು ಕಾಗದ. ನುಂಗಿ ಒಂದ್ಸಲ."

ಮೇಷ್ಟ್ರು ನುಂಗಿದರು. ಡಾಕ್ಟರಮ್ಮ ಅವರ ಕುತ್ತಿಗೆ ಮುಟ್ಟಿ ನೋಡಿದರು. ಬ್ರೇಕಿನ ಮೇಲಿದ್ದ ಡಾಕ್ಟರಮ್ಮನ ಕಾಲು ಸಡಿಲವಾದದ್ದು ಇಬ್ಬರಿಗೂ ತಿಳಿಯಲಿಲ್ಲ. ಕಾರು ಇಳಿಜಾರಿನಲ್ಲಿ ತನ್ನ ಪಾಡಿಗೆ ತಾನು ಹೊರಟು, ಟ್ರಾಫಿಕ್ ಪೊಲೀಸಪ್ಪನ ಬೂತಿನ ಹತ್ತಿರ ಹೋಗುವಾಗ ಡಾಕ್ಟರಮ್ಮ ಕಿರುಚಿ ಬ್ರೇಕ್ ತುಳಿದರು. ಬೂತಿಗೂ ಬಂಪರಿಗೂ ನಡುವೆ ಒಂದು ಪೋಸ್ಟ್‌ಕಾರ್ಡು ತೂರುವಷ್ಟು ಜಾಗ. ಆಮೇಲೆ ಮೇಷ್ಟ್ರ ಕಾಲು ಬಂತು.

ಡಾಕ್ಟರಮ್ಮ ಆ ಕಾಲನ್ನೇ ನೋಡಿದರು. "ಇಳೀರಿ ಕೆಳಗೆ."

ಪಕ್ಕದ ಬಸ್ ಸ್ಟಾಪಿನ ಕಲ್ಲು ಬೆಂಚಿನ ಮೇಲೆ ಮೇಷ್ಟ್ರನ್ನು ಮಂಡಿಯೂರಿಸಿದರು. ಪಾದ ಹಿಂದೆ ಗಾಳಿಯಲ್ಲಿ ನೇತಾಡುತ್ತಿತ್ತು. ಡಾಕ್ಟರಮ್ಮ ತಮ್ಮ ಛತ್ರಿಯ ರಬ್ಬರ್ ಹಿಡಿಕೆಯಿಂದ ಹಿಮ್ಮಡಿಗಿಂತ ತುಸು ಮೇಲಿನ ನರಕ್ಕೆ ಒಂದು ಬಿಟ್ಟರು. ಪಾದ ಟಪ್ಪೆಂದು ಹೋಯಿತು. ಹೋದದ್ದು ವಾಪಸ್ಸು ಬರಬೇಕಲ್ಲ, ಅದು ದಾರಿಯಲ್ಲಿ ಟೀ ಕುಡಿದು, ಪೇಪರ್ ಓದಿ ಬಂದ ಹಾಗೆ ಬಂತು.

ಜನ ಸೇರಿದರು.

"ಏನಂತೆ?"

"ಕಲಿಸೋಕೆ ಬರಲ್ವಂತೆ, ಆಯಮ್ಮ ಮಂಡಿಯೂರಿಸಿ ಹೊಡೀತಿದ್ದಾರೆ."

"ದುಡ್ಡು ಕೊಟ್ಟವರು ಬಿಡ್ತಾರಾ ಮತ್ತೆ."

ಪೊಲೀಸಪ್ಪ ಓಡಿ ಬಂದ. ಅವನೂ ಮೇಷ್ಟ್ರ ಶಿಷ್ಯನೇ. "ಏನಮ್ಮಾ ಇದು, ನಮ್ಮ ಗುರುಗಳಿಗೆ ಹೊಡೀತೀರಾ?"

"ಹೊಡೀತಿಲ್ಲ ಕಣಪ್ಪಾ, ನೋಡ್ತಿದ್ದೀನಿ. ಬಾ, ನೀನೂ ನೋಡು." ಇನ್ನೊಂದು ಬಿತ್ತು. ಪೊಲೀಸಪ್ಪ ಬಗ್ಗಿ ನೋಡಿದ. ಪಾದ ಮರಳಿ ಬರುವ ತನಕ ಕಾದ. ಕಣ್ಣಲ್ಲಿ ನೀರು ತಂದುಕೊಂಡು, "ಇಷ್ಟು ದಿನ ಇದೇ ಕಾಲು ನಂಬಿ ಕೂತಿದ್ವಾ ಗುರುಗಳೇ," ಎಂದ.

"ಥೈರಾಯ್ಡು ಅನ್ಸುತ್ತೆ," ಎಂದರು ಡಾಕ್ಟರಮ್ಮ. "ಕುತ್ತಿಗೇಲಿ ಒಂದು ಗ್ರಂಥಿ ಇದೆ, ಅದು ಕೆಲಸ ಕಡಿಮೆ ಮಾಡಿದ್ರೆ ಮೈಯೆಲ್ಲ ಹಿಂಗೇ ಮಂದ ಆಗೋದು. ರಕ್ತ ಕೊಟ್ಟು ಹೋಗಿ. ಸಂಜೆ ರಿಪೋರ್ಟ್ ಬರುತ್ತೆ."

ಸಂಜೆ ಮೇಷ್ಟ್ರು ಹೆಂಡತಿಯ ಜೊತೆ ಕ್ಲಿನಿಕ್ಕಿಗೆ ಹೋದರು. ಹೆಡ್‌ಕ್ಲಾರ್ಕೂ ಕರೆಯದೆಯೇ ಬಂದಿದ್ದರು. ರಿಪೋರ್ಟನ್ನು ಮೊದಲು ಕಸಿದು ಓದಿದವರೂ ಅವರೇ. "ಟಿಎಸ್‌ಎಚ್ ತೊಂಬತ್ತರ ಮೇಲೆ. ಇರಬೇಕಾದ್ದು ನಾಲ್ಕೈದರ ಒಳಗೆ ಅಂತೆ. ಭೇಷ್ ಮೇಷ್ಟ್ರೇ, ಎಲ್ಲೋ ಹೋಗ್ಬಿಟ್ರಿ."

ಮೇಷ್ಟ್ರ ಮುಖ ಅರಳಿತು. "ಹಾಗಾದ್ರೆ ಥೈರಾಯ್ಡು ಜಾಸ್ತಿ ಕೆಲಸ ಮಾಡ್ತಿದೆ ಅಂತಲ್ವಾ?"

"ಅಲ್ಲ," ಎಂದರು ಡಾಕ್ಟರಮ್ಮ. "ಮುಂದಿನ ಗಾಡಿ ರಸ್ತೆ ಮಧ್ಯೆ ನಿಂತಿದೆ. ಹಿಂದಿನವನು ಹಾರ್ನ್ ಒತ್ತುತ್ತಾನೇ ಇದ್ದಾನೆ. ನಿಂತಿರೋ ಗಾಡಿ ನಿಮ್ಮ ಥೈರಾಯ್ಡು. ಹಿಂದೆ ಇರೋದು ಮಿದುಳು. ಈ ತೊಂಬತ್ತು ಇದ್ಯಲ್ಲ, ಅದು ಹಾರ್ನ್ ಸದ್ದು."

ಮೇಷ್ಟ್ರಿಗೆ ತಟ್ಟನೆ ಅರ್ಥವಾಯಿತು. ಆ ವರ್ಷ ತಟ್ಟನೆ ಅರ್ಥವಾದದ್ದು ಅದೊಂದೇ ಇರಬೇಕು. ನಾನು ಎಷ್ಟೋ ಡಾಕ್ಟರುಗಳನ್ನು ಕಂಡಿದ್ದೇನೆ. ರೋಗಿಗೆ ಅವನ ಕಸುಬಿನ ಮಾತಲ್ಲೇ ಕಾಯಿಲೆ ತಿಳಿಸಿದವರು ಕಡಿಮೆ.

"ಹಾಗಾದ್ರೆ ಸೋಮಾರಿತನ ಅಲ್ವಾ?" ಹೆಂಡತಿ ಹೆಡ್‌ಕ್ಲಾರ್ಕನ್ನು ನೋಡುತ್ತಲೇ ಕೇಳಿದಳು.

"ಖಂಡಿತ ಅಲ್ಲಮ್ಮ. ಈ ಮೈ ಇಟ್ಕೊಂಡು ದಿನಾ ಕೆಲಸಕ್ಕೆ ಹೋಗಿದ್ದಾರಲ್ಲ, ಅದೇ ದೊಡ್ಡದು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ಮಾತ್ರೆ, ಬರೀ ನೀರಲ್ಲಿ. ಟೀ ಆಮೇಲೆ, ಅರ್ಧ ಗಂಟೆನಾದ್ರೂ ಬಿಟ್ಟು. ಇವತ್ತು ನುಂಗಿ ನಾಳೆ ಓಡ್ತೀನಿ ಅನ್ಬೇಡಿ, ವಾರಗಟ್ಟಲೆ ಬೇಕು. ಅಷ್ಟು ದಿನ ಕಲಿಸೋ ಹಾಗಿಲ್ಲ."

ಯಜಮಾನರು ಗೊಣಗಿಕೊಂಡೇ ರಜ ಕೊಟ್ಟರು. ಹೆಂಡತಿ ಟೀ ಲೋಟವನ್ನು ಖಜಾನೆಯ ಹಾಗೆ ಕಾದಳು. ಮಾತ್ರೆ ನುಂಗಿ ಅವಳ ಹಿಂದೆ ಹಿಂದೆ ಸುತ್ತುವ ಗಂಡನಿಗೆ, "ಇನ್ನೂ ಹೊತ್ತಿದೆ, ಗೋಡೆ ನೋಡ್ಕೊಂಡು ಕೂತಿರಿ," ಎನ್ನುತ್ತಿದ್ದಳು. ಡಾಕ್ಟರಮ್ಮ ಮತ್ತೆ ರಕ್ತ ನೋಡಿ ಮಾತ್ರೆಯನ್ನು ಸ್ವಲ್ಪ ಏರಿಸಿದರು. ಮೆಲ್ಲಗೆ ಮೇಷ್ಟ್ರ ಮುಖ ಇಳಿಯಿತು, ಸ್ವೆಟರ್ ಪೆಟ್ಟಿಗೆ ಸೇರಿತು, ಗಂಟಲಿನ ಟ್ರಂಕು ನಿಂತಿತು. ಡಾಕ್ಟರಮ್ಮ ಒಪ್ಪಿಗೆ ಕೊಟ್ಟ ದಿನ ಮೇಷ್ಟ್ರು ಮತ್ತೆ ತಮ್ಮ ಸೀಟಿನಲ್ಲಿ ಕೂತರು.

ಅಬ್ಬಾ, ಆ ಕಾಲು ಈಗ ನೋಡಬೇಕಿತ್ತು. ಬೆಕ್ಕು ರಸ್ತೆ ದಾಟುವ ಯೋಚನೆ ಮಾಡಿದರೆ ಸಾಕು, ಮೇಷ್ಟ್ರು ಬ್ರೇಕ್ ಒತ್ತಿ ಆಗಿರುತ್ತಿತ್ತು. ಕಾರು ಯಾವುದಕ್ಕೂ ತಗುಲಲಿಲ್ಲ. ಯಜಮಾನರು ಬಂಪರ್ ಸವರಿ ಸವರಿ ಖುಷಿಪಟ್ಟರು.

ಅಷ್ಟರಲ್ಲಿ ಲೈಸೆನ್ಸ್ ಪರೀಕ್ಷೆ ಬಂತು. ಮೇಷ್ಟ್ರ ಸೀಟಿನಲ್ಲಿ ಪರೀಕ್ಷಕರು ಕೂತರು, ಬ್ರೇಕ್ ಒತ್ತುವುದು ಅವರ ಕೆಲಸವಲ್ಲ. ಮೊದಲ ಸರದಿ ಡಾಕ್ಟರಮ್ಮನದು. ಕಾರು ಚೆನ್ನಾಗಿಯೇ ಹೊರಟಿತು, ಚೆನ್ನಾಗಿಯೇ ತಿರುಗಿತು, ನಿಲ್ಲಬೇಕಾದ ಗೆರೆ ದಾಟಿ ಅಷ್ಟೇ ಚೆನ್ನಾಗಿ ಹೋಗಿ ಮರಳಿನ ಡ್ರಮ್ಮಿಗೆ ಗುದ್ದಿತು. ಡಾಕ್ಟರಮ್ಮನ ಕಾಲು ಬ್ರೇಕಿನ ಹತ್ತಿರಕ್ಕೂ ಹೋಗಿರಲಿಲ್ಲ.

"ನಿಮ್ಮ ಕಾಲು ಬರುತ್ತೆ ಅಂತ ಕಾಯ್ತಿದ್ದೆ ಮೇಷ್ಟ್ರೇ," ಎಂದರು ಇಳಿದು ಬಂದು.

ಆಮೇಲೆ ಹೋದವರೂ ಡ್ರಮ್ಮಿಗೆ ಒಬ್ಬೊಬ್ಬರಾಗಿ ಗುದ್ದಿ ಬಂದರು. ಒಬ್ಬನೂ ಪಾಸಾಗಲಿಲ್ಲ. ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಮೇಷ್ಟ್ರು ರಜ ಹೋಗುವ ಮುಂಚೆಯೇ ಕಲಿತು, ಅವರು ರಜದಲ್ಲಿದ್ದಾಗ ಪಾಸಾಗಿದ್ದ ಟೈಲರ್ ಬಾಯಿಬಿಟ್ಟ.

"ಸಾರ್, ಅವಾಗ ಮೇಷ್ಟ್ರು ಬ್ರೇಕ್ ಒತ್ತಲ್ಲ ಅಂತ ನಮಗೆಲ್ಲ ಗ್ಯಾರಂಟಿ ಇತ್ತು. ಜೀವ ಬೇಕು ಅಂದ್ರೆ ನಾವೇ ಒತ್ಬೇಕು. ಹಂಗೇ ಕಲ್ತಿದ್ದು."

ಯಜಮಾನರು ತಲೆಯಿಂದ ಕೈ ತೆಗೆದು ಎದ್ದರು. ಆಮೇಲೆ ಮೆಲ್ಲಗೆ ಡಾಕ್ಟರಮ್ಮನ ಹತ್ತಿರ ಹೋದರು. "ತಪ್ಪು ತಿಳೀಬೇಡಿ. ಸ್ಕೂಲಿನ ಭವಿಷ್ಯದ ಪ್ರಶ್ನೆ. ಆ ಮಾತ್ರೆ ಒಂಚೂರು ಕಮ್ಮಿ ಮಾಡೋಕಾಗುತ್ತಾ?"

"ಮಾತ್ರೆ ಮುಟ್ಟಿದ್ರೆ ನಿಮ್ಮನ್ನೂ ಆ ಬೆಂಚಿನ ಮೇಲೆ ಮಂಡಿಯೂರಿಸ್ತೀನಿ," ಎಂದರು ಡಾಕ್ಟರಮ್ಮ. "ಅವರು ಅದನ್ನ ಬಿಡೋ ಹಾಗೇ ಇಲ್ಲ."

ಯಜಮಾನರು ಮುಟ್ಟಲಿಲ್ಲ. ಒಳ್ಳೆಯ ಮನುಷ್ಯ, ಮೇಷ್ಟ್ರನ್ನು ಕೆಲಸದಿಂದಲೂ ತೆಗೆಯಲಿಲ್ಲ. ಗ್ಯಾರೇಜಿನವನನ್ನು ಕರೆಸಿ ಮೇಷ್ಟ್ರ ಕಡೆಯ ಬ್ರೇಕನ್ನು ಬಿಚ್ಚಿಸಿಬಿಟ್ಟರು.

ಈಗ ಮತ್ತೆ ಎಲ್ಲರೂ ಪಾಸಾಗುತ್ತಿದ್ದಾರೆ, ಡಾಕ್ಟರಮ್ಮನೂ ಆದರು. ಮೇಷ್ಟ್ರು ಅದೇ ಸೀಟಿನಲ್ಲಿದ್ದಾರೆ, ಕಣ್ಣು ಪೂರ್ತಿ ತೆರೆದಿದೆ, ಎದುರಿಗೆ ಬರುವ ಲಾರಿ, ಹಸು, ತರಕಾರಿ ಗಾಡಿ ಎಲ್ಲವೂ ಎಲ್ಲರಿಗಿಂತ ಮುಂಚೆ ಅವರಿಗೇ ಕಾಣುತ್ತದೆ. ಕಾಲೂ ತಡಮಾಡುವುದಿಲ್ಲ. ಕರೆಕ್ಟಾಗಿ ಹೋಗಿ ಬರಿ ನೆಲ ಒತ್ತುತ್ತದೆ.